ಗುಂಡಿಗೆಯ ನೂಲು

ನಮ್ಮ ಹುಲಿಗಿಯ ಗುಂಡಿಗೆ ದೊಡ್ಡದು ಅಂತ ಬೆಟಗೇರಿಯ ಗರಡಿ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ತನಗಿಂತ ತೂಕದವಳನ್ನು ಚಿತ್ ಮಾಡಿ, ಮೈಮೇಲಿನ ಮಣ್ಣು ಕೊಡವಿಕೊಂಡು ನಗುವ ಹುಡುಗಿಗೆ ಇನ್ನೇನು ಹೇಳುತ್ತಾರೆ? ಆದರೆ ಅದೇ ಮಾತನ್ನು ಡಾಕ್ಟರು ಮಶೀನು ಹಚ್ಚಿ, ಅಳತೆ ಹಿಡಿದು ಹೇಳಿದ ದಿನದಿಂದ ನಮ್ಮ ಮನೆಯಲ್ಲಿ ಯಾರಿಗೂ ನೆಟ್ಟಗೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ.

ಹುಲಿಗೆವ್ವ ನನ್ನ ಅಕ್ಕನ ಮಗಳು. ಅಕ್ಕ ತೀರಿಕೊಂಡಾಗ ಇವಳಿಗಿನ್ನೂ ಹಲ್ಲು ಬಂದಿರಲಿಲ್ಲ. ಸಾಕಿ ಬೆಳೆಸಿದವಳು ನನ್ನ ಅವ್ವ ಫಕೀರವ್ವ. ನಾನು ಪಾರ್ವತಿ, ಅವ್ವನಿಗೆ ಪಾರೂ, ಹುಲಿಗಿಗೆ ಚಿಗವ್ವ. ಮದುವೆ ಗಿದುವೆ ಅಂತ ತಲೆಗೆ ಹಚ್ಚಿಕೊಳ್ಳದೆ ಜೀವರಸಾಯನ ಓದಿ, ಹುಬ್ಬಳ್ಳಿಯ ಹೃದಯ ಕಾವಲು ಕೇಂದ್ರದಲ್ಲಿ ಕೆಲಸಕ್ಕೆ ಸೇರಿಕೊಂಡವಳು. ದಿನಾ ಗದಗಿನಿಂದ ರೈಲಿನಲ್ಲಿ ಹೋಗಿ ಬರುತ್ತೇನೆ. ನನಗೆ ಸಿಟ್ಟು ಜಾಸ್ತಿ ಅಂತ ಎರಡೂ ಊರಿನವರು ಆಡಿಕೊಳ್ಳುತ್ತಾರೆ. ಯಾಕೆ ಬರಬಾರದು ಅಂತ ಇದನ್ನು ಕೇಳಿದ ಮೇಲೆ ನೀವೇ ಹೇಳಿ.

ಕಾವಲು ಕೇಂದ್ರ ಅಂದರೆ ಏನು ಅನ್ನುವುದನ್ನು ಮೊದಲು ಮುಗಿಸಿಬಿಡುತ್ತೇನೆ. ಆಡುತ್ತಾ ಆಡುತ್ತಾ ಮೈದಾನದಲ್ಲೇ ಕುಸಿದು ಸತ್ತ ಮಕ್ಕಳ ಸುದ್ದಿ ಒಂದರ ಹಿಂದೊಂದು ಬಂದಾಗ, ರಾಜ್ಯಮಟ್ಟದಲ್ಲಿ ಆಡುವ ಪ್ರತಿಯೊಬ್ಬರೂ ತೋಳಿಗೆ ಒಂದು ಪಟ್ಟಿ ಕಟ್ಟಿಕೊಳ್ಳಬೇಕು ಅಂತ ಕಾನೂನು ಬಂತು. ದುಡಿಯುವ ಮೈಯಲ್ಲಿ ಹೃದಯ ದಪ್ಪವಾಗುವುದು ಸಹಜ. ಬರೀ ಸ್ನಾಯು ಬೆಳೆದಿದ್ದರೆ ಏನೂ ತೊಂದರೆಯಿಲ್ಲ. ಆದರೆ ಕೆಲವರಲ್ಲಿ ಸ್ನಾಯುವಿನ ಎಳೆಗಳ ನಡುವಿನ ಕೊಲಾಜನ್ ಕೂಡ ಬೆಳೆದು ಗಟ್ಟಿಯಾಗುತ್ತದೆ. ಕೊಲಾಜನ್ ಅಂದರೆ ನೂಲು ಅಂತ ತಿಳಿಯಿರಿ. ಚರ್ಮ, ಎಲುಬು, ಕೀಲು ಎಲ್ಲವನ್ನೂ ಹಿಡಿದಿಟ್ಟಿರುವ ನೂಲು. ಹೃದಯದ ಗೋಡೆಯಲ್ಲಿ ಅದು ಬೇಕಾದಷ್ಟೇ ಇದ್ದರೆ ಗೋಡೆ ಹಿಗ್ಗುತ್ತದೆ, ಕುಗ್ಗುತ್ತದೆ, ತನ್ನ ಆಕಾರಕ್ಕೆ ವಾಪಸು ಬರುತ್ತದೆ. ಹೆಚ್ಚಾದರೆ ಗೋಡೆ ಗಡುಸಾಗಿ, ರಕ್ತ ತುಂಬಿಕೊಳ್ಳಲು ಬಿಡುವುದಿಲ್ಲ, ಬಡಿತ ದಾರಿ ತಪ್ಪುತ್ತದೆ, ಮನುಷ್ಯ ಬೀಳುತ್ತಾನೆ. ಹೊರಗಿನಿಂದ ಅಳೆದರೆ ಎರಡೂ ದಪ್ಪ ಹೃದಯಗಳೇ.

ಈ ಎರಡನ್ನು ಬೇರೆ ಮಾಡಿ ತೋರಿಸಲಿಕ್ಕೆ ಅಂತಲೇ ನಮ್ಮ ಡಾಕ್ಟರ್ ಪ್ರಹ್ಲಾದ ಗಲಗಲಿಯವರು ಈ ತೋಳಪಟ್ಟಿ ಕಂಡುಹಿಡಿದದ್ದು. ಬಡಗಿ ಒಳಗೆ ಕೆಲಸ ಮಾಡುತ್ತಿದ್ದರೆ ಬಾಗಿಲ ಸಂದಿಯಿಂದ ಕಟ್ಟಿಗೆಯ ಪುಡಿ ಹೊರಗೆ ಬೀಳುತ್ತದಲ್ಲ, ಹಾಗೆ ದೇಹ ಕೊಲಾಜನ್ ಕಟ್ಟುವಾಗ ಅದರ ಚೂರುಗಳು ರಕ್ತಕ್ಕೆ, ಅಲ್ಲಿಂದ ಬೆವರಿಗೆ ಬರುತ್ತವೆ. ಪಟ್ಟಿ ಆ ಚೂರುಗಳನ್ನು ಎಣಿಸಿ ಒಂದು ಅಂಕಿ ಕಳಿಸುತ್ತದೆ. ನೂರರ ಕೆಳಗೆ ಹಸಿರು, ಮೇಲೆ ಕೆಂಪು. ಕೆಂಪಾದವರಿಗೆ ಪಟ್ಟಿಯೊಳಗಿನ ಸಣ್ಣ ಸೂಜಿಯಿಂದ, ನೂಲು ಕರಗಿಸುವ ಮದ್ದು ವಾರಕ್ಕೊಮ್ಮೆ ತಾನಾಗಿಯೇ ಹೋಗುತ್ತದೆ. ಅಂಕಿ ಏರಿದಷ್ಟೂ ಡೋಸು ಏರುತ್ತದೆ. ನಾವು ಕಾವಲು ಕೋಣೆಯಲ್ಲಿ ಗೋಡೆಯಗಲದ ಪರದೆಯ ತುಂಬ ಹೆಸರು ಹಚ್ಚಿಕೊಂಡು ಕಾಯುತ್ತಾ ಕೂತಿರುತ್ತೇವೆ. ನೂಲನ್ನೇ ತೋರಿಸುವ ದೊಡ್ಡ ಸ್ಕ್ಯಾನು ಬೆಂಗಳೂರಿನಲ್ಲಿ ಇದೆ, ಆದರೆ ಪಟ್ಟಿ ಬಂದ ಮೇಲೆ ಅಲ್ಲಿಗೆ ಯಾರನ್ನೂ ಕಳಿಸುವುದು ಬೇಕಾಗಿಲ್ಲ ಅಂತ ಆಯಿತು.

ಹುಲಿಗಿಯ ಅಂಕಿ ಮೊದಲ ವಾರವೇ ಕೆಂಪಾಯಿತು. ರಾಜ್ಯದ ಆಯ್ಕೆ ಕುಸ್ತಿಗೆ ಎರಡು ತಿಂಗಳಿತ್ತು. ಅಷ್ಟರಲ್ಲಿ ಹಸಿರಿಗೆ ಬಾರದಿದ್ದರೆ ಕಣಕ್ಕೆ ಇಳಿಸುವುದಿಲ್ಲ, ಪಟ್ಟಿಯನ್ನೇ ಕಿತ್ತೆಸೆದರೆ ಮುಂದೆಂದೂ ಇಳಿಸುವುದಿಲ್ಲ. ಮನೆಗೆ ಬಂದು ನಾನೇ ಹೇಳಿದೆ. ಹುಲಿಗಿ ರೊಟ್ಟಿ ಮುರಿಯುತ್ತಾ ಕೂತಿದ್ದಳು. "ನನಗೇನೂ ಆಗಿಲ್ಲ ಚಿಗವ್ವ," ಅಂದಳು. ರೋಗ ಇದ್ದವರೆಲ್ಲ ಮೊದಲು ಹೇಳುವುದು ಅದನ್ನೇ ಅಂತ ನಾನು ಬಾಯಿ ಮುಚ್ಚಿಸಿದೆ. ಅವ್ವ ಅಷ್ಟು ಕೇಳಿದ್ದೇ ಎದ್ದಳು. ಚೀಲ ಹಿಡಿದುಕೊಂಡು ಮಟನ್ ಅಂಗಡಿಗೆ ಹೋದಳು.

ಕಾಲಿನ ಸಾರು ನಮ್ಮಲ್ಲಿ ಊಟವಲ್ಲ, ಔಷಧ. ಬಾಣಂತಿಗೂ ಅದೇ, ಕೈ ಮುರಿದವರಿಗೂ ಅದೇ, ಕುಸ್ತಿ ಹಿಡಿಯುವವರಿಗಂತೂ ಗರಡಿಯ ವಸ್ತಾದರು ಅದಿಲ್ಲದೆ ಮಣ್ಣಿಗೆ ಇಳಿಯಬೇಡ ಅನ್ನುತ್ತಾರೆ. ಕುರಿಯ ಕಾಲು ಸುಟ್ಟು, ಕೆರೆದು, ಜಜ್ಜಿ, ಮೆಣಸು ಬೆಳ್ಳುಳ್ಳಿ ಹಾಕಿ ಸಣ್ಣ ಉರಿಯಲ್ಲಿ ಬಿಟ್ಟುಬಿಡಬೇಕು. ಎಲುಬು ಮೆತ್ತಗಾಗಿ, ಕುಡಿದರೆ ತುಟಿಗೆ ತುಟಿ ಅಂಟುವಷ್ಟು ಸಾರು ಗಟ್ಟಿಯಾಗಬೇಕು. ಅಲ್ಲಿಯವರೆಗೆ ವಾರಕ್ಕೆರಡು ಸಲ ಮಾಡುತ್ತಿದ್ದ ಅವ್ವ, ಮೊಮ್ಮಗಳ ಗುಂಡಿಗೆ ಸೋತಿದೆ ಅಂತ ಕೇಳಿದ್ದೇ ದಿನಾ ಮಾಡತೊಡಗಿದಳು. ಅಂಕಿ ಏರಿತು, ಡೋಸು ಹೋಯಿತು. ಅಂಕಿ ಏರಿದ್ದನ್ನು ನಾನು ಬಂದು ಹೇಳಿದೆ, ಅವ್ವ ಎರಡು ಹೊತ್ತು ಮಾಡಿದಳು. ಅಂಕಿ ಮತ್ತೂ ಏರಿತು. ಎಷ್ಟು ದಿನ ಹೀಗೆ ನಡೆಯಿತೋ, ಅಷ್ಟೂ ದಿನ ಆ ಮನೆಯಲ್ಲಿ ನಾನೂ ಉಂಡಿದ್ದೇನೆ, ಆ ಪಾತ್ರೆಯನ್ನು ನಾನೂ ತೊಳೆದಿದ್ದೇನೆ. ನನ್ನ ಓದಿಗೆ ಬೆಂಕಿ ಹಾಕ.

ಮೂರನೇ ಡೋಸಿನ ಮೇಲೆ ಹುಲಿಗಿಗೆ ದಮ್ಮು ಬರತೊಡಗಿತು. ಮೊದಲು ಗರಡಿಯಲ್ಲಿ, ಆಮೇಲೆ ಮನೆಯ ಮೆಟ್ಟಿಲ ಮೇಲೆ. ಸಂಜೆಗೆ ಕಾಲು ಬಾತುಕೊಳ್ಳುತ್ತಿದ್ದವು. ಇದನ್ನು ಡಾಕ್ಟರ್ ಗಲಗಲಿಯವರಿಗೆ ಹೇಳಿದರೆ ಅವರು ತಲೆಯಾಡಿಸಿ, ರೋಗ ಮುಂದುವರಿದರೆ ಆಗುವುದೇ ಹಾಗೆ ಅಂದರು. ಅಂಕಿ ಕೆಂಪು, ಹುಡುಗಿಗೆ ದಮ್ಮು. ಎರಡೂ ಹೊಂದಿಕೊಂಡವು, ಯಾರಿಗೂ ಅನುಮಾನ ಬರಲಿಲ್ಲ. ಹುಲಿಗಿ ಕಟ್ಟೆಯ ಮೇಲೆ ಕೂತು ಉಸಿರು ಎಳೆದುಕೊಳ್ಳುತ್ತಿದ್ದಾಗ ನಾನು ಬೆನ್ನು ಸವರಲು ಹೋದೆ. ಕೈ ಸರಿಸಿದಳು.

"ಅವತ್ತ ಏನೂ ಆಗಿದ್ದಿಲ್ಲ ಚಿಗವ್ವ. ಈಗ ಆಗೈತಿ."

ಆ ಮಾತು ನನ್ನ ತಲೆಯೊಳಗೆ ಕೂತುಬಿಟ್ಟಿತು. ರೈಲಿನಲ್ಲಿ ಕೂತರೂ ಅದೇ, ಕಾವಲು ಕೋಣೆಯಲ್ಲಿ ಕೂತರೂ ಅದೇ. ಕಾಲು ಅಲುಗಾಡಿಸಬೇಡ ಅಂತ ಪಕ್ಕದ ಕುರ್ಚಿಯವರು ಬೈದರು. ಅಣ್ಣಿಗೇರಿ ದಾಟುವುದರೊಳಗೆ ಫೋನು ತೆಗೆದು ನಾಲ್ಕು ಸಲ ಅವಳ ಅಂಕಿ ನೋಡುತ್ತಿದ್ದೆ, ನೋಡಿದರೆ ಇಳಿಯುತ್ತದೇನೋ ಅನ್ನುವವಳ ಹಾಗೆ.

ಆ ವಾರ ಪಟ್ಟಿಯ ಹೊಸ ಸರಕು ಬಂದಿತ್ತು. ಹೊಸ ಸರಕು ಬಂದಾಗ ಮದ್ದಿಲ್ಲದ ಪಟ್ಟಿಗಳನ್ನು ನಾವೇ ಕಟ್ಟಿಕೊಂಡು ಪರೀಕ್ಷೆ ಮಾಡುವುದು ರೂಢಿ. ನಾನು ಒಂದನ್ನು ಕಟ್ಟಿಕೊಂಡೆ, ಗಲಗಲಿಯವರು ಒಂದನ್ನು. ಮರುದಿನ ಅವ್ವ ನನಗೂ ಬಲವಂತ ಮಾಡಿ ಒಂದು ಲೋಟ ಸಾರು ಕುಡಿಸಿ, ಮಧ್ಯಾಹ್ನಕ್ಕೆ ಅಂತ ಒಂದು ಡಬ್ಬಿಯನ್ನೂ ಚೀಲಕ್ಕೆ ಹಾಕಿದಳು. ಅವಳ ಪ್ರಕಾರ ನಾನೂ ಸೊರಗಿದ್ದೆ. ಕಾವಲು ಕೋಣೆಗೆ ಬಂದು ಕೂತೆನೋ ಇಲ್ಲವೋ, ಗೋಡೆಯ ಮೇಲೆ ಒಂದು ಹೊಸ ಹೆಸರು ಕೆಂಪಾಗಿ ಹೊಡೆದುಕೊಳ್ಳತೊಡಗಿತು. ಓದಿದರೆ ನನ್ನದೇ.

ನಾನು ಜೀವಮಾನದಲ್ಲಿ ರೈಲು ಹಿಡಿಯಲು ಓಡಿದ್ದು ಬಿಟ್ಟರೆ ಯಾವ ಆಟ ಆಡಿದವಳೂ ಅಲ್ಲ. ಪಕ್ಕದವರು ನಗುತ್ತಾ, ಪಾರ್ವತಿ ಮೇಡಮ್ಮಿಗೆ ಗುಂಡಿಗೆ ದಪ್ಪ ಅಂತ ನಮಗೆ ಮೊದಲೇ ಗೊತ್ತಿತ್ತು ಅಂದರು. ನಾನು ನಗಲಿಲ್ಲ. ಬೆಳಿಗ್ಗೆ ಕುಡಿದ ಸಾರು ನೆನಪಾಯಿತು. ಚೀಲದಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದೆ. ಏಸಿ ಕೋಣೆಯ ತಂಪಿಗೆ ಸಾರು ಹೆಪ್ಪುಗಟ್ಟಿತ್ತು. ಡಬ್ಬಿ ಅಲ್ಲಾಡಿಸಿದರೆ ಗಡಗಡ ನಡುಗಿತು. ಕೊಲಾಜನ್ ಕುದಿಸಿದರೆ ಜೆಲಟಿನ್ ಆಗುತ್ತದೆ, ಜೆಲಟಿನ್ ಆರಿದರೆ ಹೆಪ್ಪಾಗುತ್ತದೆ. ಇದನ್ನು ಪರೀಕ್ಷೆಯಲ್ಲಿ ಬರೆದು ಪಾಸಾದವಳು ನಾನು. ಕುರಿಯ ನೂಲು ನನ್ನ ಹೊಟ್ಟೆಯಲ್ಲಿ ಚೂರಾಗಿ, ರಕ್ತಕ್ಕೆ ಇಳಿದು, ಬೆವರಿನಲ್ಲಿ ಬಂದಿತ್ತು. ಬಾಗಿಲ ಸಂದಿಯಲ್ಲಿ ಬಿದ್ದ ಪುಡಿಯನ್ನು ನೋಡಿ ಒಳಗೆ ಬಡಗಿ ಇದ್ದಾನೆ ಅಂದುಕೊಂಡಿದ್ದೆವು. ಪುಡಿಯನ್ನು ಹೊರಗಿನಿಂದ ತಂದು ಸುರಿಯುತ್ತಿದ್ದವಳು ನಮ್ಮವ್ವ.

ಹಾಗಾದರೆ ಹುಲಿಗಿಯ ಹೃದಯದಲ್ಲಿ ಹೆಚ್ಚಿನ ನೂಲೇ ಇರಲಿಲ್ಲ. ಇರಬೇಕಾದ ನೂಲನ್ನೇ ನಾವು ವಾರ ವಾರ ಕರಗಿಸುತ್ತಿದ್ದೆವು. ಮುಂದಿನ ಡೋಸು ಶುಕ್ರವಾರ ಮಧ್ಯಾಹ್ನ, ಎಲ್ಲಕ್ಕಿಂತ ದೊಡ್ಡದು. 

ಡಬ್ಬಿ ಹಿಡಿದುಕೊಂಡೇ ಗಲಗಲಿಯವರ ಕೋಣೆಗೆ ನುಗ್ಗಿದೆ. ಅವರು ಕೆಟ್ಟ ಮನುಷ್ಯರಲ್ಲ. ತಮ್ಮ ಮಗ ಕ್ರಿಕೆಟ್ ಆಡುತ್ತಾ ಸತ್ತ ಮೇಲೆ ಈ ಪಟ್ಟಿಗಾಗಿಯೇ ಬದುಕಿದವರು. ಪೂರ್ತಿ ಕೇಳಿಸಿಕೊಂಡರು. ಹಾಗಾದರೆ ಪ್ರಯೋಗ ಮಾಡಿದ ವರ್ಷದಲ್ಲಿ ಯಾಕೆ ಹೀಗಾಗಲಿಲ್ಲ ಅಂತ ಕೇಳಿದರು. ಪ್ರಯೋಗಕ್ಕೆ ಬಂದವರು ಎಲ್ಲಿ ಉಳಿದಿದ್ದರು ಅಂತ ನಾನು ತಿರುಗಿ ಕೇಳಿದೆ. ಒಂದು ಧರ್ಮಾರ್ಥ ಆಸ್ಪತ್ರೆಯ ವಸತಿಯಲ್ಲಿ. ಊಟ? ಅಲ್ಲಿಯದೇ, ಚಪಾತಿ, ಪಲ್ಯ, ಬೇಳೆ ಸಾರು. ಹೇಳುತ್ತಾ ಹೇಳುತ್ತಾ ಅವರ ದನಿ ಸಣ್ಣದಾಯಿತು. ಎಲುಬು ಮುಟ್ಟದ ಬಾಯಿಗಳನ್ನು ಅಳೆದು ನೂರು ಅಂತ ಗೆರೆ ಎಳೆದಿದ್ದರು.

ಆದರೂ ಡೋಸು ನಿಲ್ಲಿಸಲು ಅವರಿಗೆ ಅಧಿಕಾರ ಇರಲಿಲ್ಲ. ಪಟ್ಟಿ ತಪ್ಪು ಅಂತ ಸಾಬೀತಾದರೆ ಮಾತ್ರ ನಿಲ್ಲಿಸಬಹುದು. ನನ್ನೊಬ್ಬಳ ಅಂಕಿ ಸಾಲದು, ನನಗೇ ರೋಗ ಇರಬಹುದಲ್ಲ ಅಂತ ಮೇಲಿನವರು ಕೇಳುತ್ತಾರೆ. ಹುಲಿಗಿಗೆ ಎರಡು ದಿನ ಸಾರು ಕೊಡಬೇಡಿ, ಅಂಕಿ ತಾನಾಗಿ ಇಳಿದರೆ ಅದೇ ಸಾಕ್ಷಿ ಅಂದರು. ಬುಧವಾರ ಸಂಜೆ ಮನೆಗೆ ಓಡಿ ಬಂದು ಹುಲಿಗಿಗೆ ಮೊದಲು ಪಟ್ಟಿ ಕಿತ್ತುಬಿಡು ಅಂದೆ. ಕಿತ್ತರೆ ಕುಸ್ತಿ ಬಿಟ್ಟಂತೆ, ಶುಕ್ರವಾರದವರೆಗೆ ನೋಡೋಣ ಅಂತ ಹಟ ಹಿಡಿದಳು. ಅವ್ವನಿಗೆ ಸಾರು ನಿಲ್ಲಿಸು ಅಂದೆ.

"ಹುಡುಗಿ ಗುಂಡಿಗಿ ಸೋತೈತಿ ಅಂತ ನೀನ ಹೇಳಿದಿ," ಅಂದಳು ಅವ್ವ. "ಈಗ ಸಾರು ಕೊಡಬ್ಯಾಡ ಅಂತನೂ ನೀನ ಹೇಳ್ತಿ. ಯಾವ ಪಾರೂನ ಮಾತು ಕೇಳ್ಲಿ ನಾ?"

ನಾನು ಕೂಗಾಡಿದೆ. ಸಮಾಧಾನದಿಂದ ಹೇಳಬೇಕಿತ್ತು, ಸಮಾಧಾನ ನನ್ನ ಹತ್ತಿರ ಇರಲಿಲ್ಲ. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಆಗಲಿ ಅಂದಳು.

ಗುರುವಾರ ಅಂಕಿ ಇಳಿಯಲಿಲ್ಲ. ಶುಕ್ರವಾರ ಬೆಳಿಗ್ಗೆ ನಾನು ರೈಲಿನಲ್ಲಿದ್ದಾಗ ಇನ್ನೂ ಏರಿತು. ನನ್ನ ಲೆಕ್ಕವೇ ತಪ್ಪೇನೋ, ಹುಡುಗಿಗೆ ನಿಜವಾಗಿ ರೋಗವೇ ಇದೆಯೇನೋ ಅನಿಸತೊಡಗಿತು. ಹುಲಿಗಿಗೆ ಫೋನು ಮಾಡಿದೆ. ಎರಡು ಸಲ ಗದರಿದ ಮೇಲೆ ಬಾಯಿ ಬಿಟ್ಟಳು. ಅಜ್ಜಿ ಅನ್ನಕ್ಕೆ ಸಾರು ಕಲಸಿ, ಮೇಲೆ ಮೊಸರು ಹಾಕಿ ಕೊಟ್ಟಿದ್ದಳಂತೆ. ಬಾಯಿಗೆ ಇಟ್ಟ ಕೂಡಲೇ ಗೊತ್ತಾಯಿತಂತೆ. ಯಾಕೆ ಉಂಡೆ ಅಂದರೆ, ಅಜ್ಜಿ ಎದುರಿಗೆ ಕೂತು ಅಳುತ್ತಿದ್ದಳು ಚಿಗವ್ವ, ಏನು ಮಾಡಲಿ ಅಂದಳು. ನಾನು ಫೋನಿಟ್ಟು ಕಿಟಕಿಯ ಸರಳಿಗೆ ತಲೆ ಇಟ್ಟು ಕೂತೆ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕು ಅಂತಲೇ ತಿಳಿಯಲಿಲ್ಲ.

ಹುಬ್ಬಳ್ಳಿ ಮುಟ್ಟಿದಾಗ ಮಧ್ಯಾಹ್ನದ ಡೋಸಿಗೆ ಮೂರು ತಾಸಿಗಿಂತ ಕಡಿಮೆ ಉಳಿದಿತ್ತು. ಗಲಗಲಿಯವರ ಎದುರು ನಿಂತು, ಇನ್ನು ಉಳಿದದ್ದು ಒಂದೇ ದಾರಿ ಅಂದೆ. ಯಾವ ಅನುಮಾನಕ್ಕೂ ಸಿಗದಂಥ ಹಸಿರು ಅಂಕಿ ಈ ಕಟ್ಟಡದಲ್ಲಿ ಅವರೊಬ್ಬರದೇ. ಪಟ್ಟಿ ಹುಟ್ಟಿದ ದಿನದಿಂದ ಪ್ರತಿ ಸರಕಿಗೂ ಅವರೇ ಅಳತೆಗಲ್ಲು. ಬುಧವಾರ ನಾನು ಫ್ರಿಜ್ಜಿನಲ್ಲಿ ಬಿಟ್ಟಿದ್ದ ಸಾರಿನ ಡಬ್ಬಿಯನ್ನು ತಂದು ಮೇಜಿನ ಮೇಲೆ ಇಟ್ಟೆ. ಕೇಂದ್ರದೊಳಗೆ ಮಾಂಸ ತರಬಾರದು ಅಂತ ಬಾಗಿಲಲ್ಲೇ ಬೋರ್ಡು ಇತ್ತು. ಹುಟ್ಟಿದಾಗಿನಿಂದ ಮಾಂಸ ಮುಟ್ಟದ ಅವರು ಡಬ್ಬಿಯನ್ನು ಹತ್ತಿರ ಎಳೆದುಕೊಂಡರು. ಚಮಚೆ ಕೈಗೆ ತೆಗೆದುಕೊಂಡರು, ಮತ್ತೆ ಇಟ್ಟರು.

"ಇದು ಗಂಟಲಾಗ ಇಳಿಯೂದಿಲ್ಲ ಪಾರ್ವತಿ. ಇಳಿಸಿದ್ರೂ ಹೊಟ್ಟ್ಯಾಗ ನಿಲ್ಲೂದಿಲ್ಲ. ನನ್ನ ಮಗನ ಆಣಿ, ಹಟಾ ಅಲ್ಲ ಇದು."

ನಾನು ಡಬ್ಬಿಯ ಮುಚ್ಚಳ ಹಾಕಿದೆ. ನಿಜ ಹೇಳುತ್ತಿದ್ದರು. ತಲೆ ತಗ್ಗಿಸಿ ಕೂತವರು ಇದ್ದಕ್ಕಿದ್ದಂತೆ ಎದ್ದು ಮದ್ದು ತುಂಬುವ ಕೋಣೆಗೆ ಹೋದರು. ಅಲ್ಲಿಂದ ಖಾಲಿ ಕ್ಯಾಪ್ಸೂಲಿನ ಒಂದು ಚೀಲ ತಂದು ಮೇಜಿನ ಮೇಲೆ ಸುರಿದರು.

"ಈ ಸಿಪ್ಪಿ ಯಾತರದ್ದು ಹೇಳ್ರಿ?"

"ಜೆಲಟಿನ್ ಸರ್."

"ಅಂದ್ರ ಎಲುಬು. ಬಿಪಿ ಬಂದಾಗಿನಿಂದ ದಿನಾ ಎರಡು ನುಂಗ್ಲಿಕ್ಕತ್ತೀನಿ, ಗೊತ್ತಿದ್ದೂ ಕಣ್ಣು ಮುಚ್ಚಿ. ಇವತ್ತ ಕಣ್ಣು ತಗದು ನುಂಗ್ತೀನಿ."

ಬಿಸಿನೀರು ತರಿಸಿ, ಒಂದು ಬೊಗಸೆ ಸಿಪ್ಪೆಯನ್ನು ಅದರಲ್ಲಿ ಕರಗಿಸಿ, ಮೂಗು ಹಿಡಿಯದೆ ಗಟಗಟ ಕುಡಿದರು. ಕಾವಲು ಕೋಣೆಯವರೆಲ್ಲ ಕೆಲಸ ಬಿಟ್ಟು ಎದ್ದು ನಿಂತಿದ್ದರು. ಆಮೇಲೆ ಕಾಯುವುದು. ಕಾಯುವುದು ಅಂದರೆ ಏನು ಅಂತ ಆಗ ನನಗೆ ತಿಳಿಯಿತು. ಅವರ ಹೆಸರು ಹಸಿರಾಗಿಯೇ ಇತ್ತು. ಹುಲಿಗಿಯ ಹೆಸರು ಕೆಂಪಾಗಿ ಹೊಡೆದುಕೊಳ್ಳುತ್ತಿತ್ತು. ನಾನು ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ತಿರುಗಿದೆ. ಪಟ್ಟಿ ಕೀಳು ಅಂತ ಹುಲಿಗಿಗೆ ಎರಡು ಸಲ ಫೋನು ಮಾಡಿದೆ, ಎತ್ತಲಿಲ್ಲ. ಒಂದು ತಾಸು ಕಳೆದ ಮೇಲೆ ಗಲಗಲಿಯವರ ಅಂಕಿ ಮೆಲ್ಲಗೆ ಏರತೊಡಗಿತು. ತೊಂಬತ್ತರ ಹತ್ತಿರ ಬಂದು ನಿಂತುಬಿಟ್ಟಿತು.  ಮತ್ತೆ ಏರಿತು. ನೂರು ದಾಟಿ ಅವರ ಹೆಸರು ಕೆಂಪಾದಾಗ ಅವರು ಕುರ್ಚಿಯಿಂದ ಎದ್ದು, ಸ್ವತಃ ಹೋಗಿ ಎಲ್ಲರ ಡೋಸನ್ನೂ ನಿಲ್ಲಿಸಿದರು. ಮುಖ ಬೂದಿಯಾಗಿತ್ತು. ತಮ್ಮ ಬಾಳಿನ ಕೆಲಸವನ್ನು ತಾವೇ ಕೈಯಾರೆ ಸುಳ್ಳು ಮಾಡಿದ ಮನುಷ್ಯ. ಅವತ್ತಿನಿಂದ ನನಗೆ ಅವರ ಮೇಲೆ ಗೌರವ ಹೆಚ್ಚಾಯಿತು, ಅದನ್ನು ಅವರಿಗೆ ಹೇಳಿಲ್ಲ.

ಮಧ್ಯಾಹ್ನವೇ ಹುಲಿಗಿಯನ್ನು ಕರೆಸಿ ಎಕೋ ಮಾಡಿಸಿದೆವು. ಪರದೆಯ ಮೇಲೆ ಅವಳ ಹೃದಯದ ಗೋಡೆ ಸಡಿಲವಾಗಿ ಅಲುಗಾಡುತ್ತಿತ್ತು. ಒತ್ತಿ ಹಿಂಡಬೇಕಾದ ಕಡೆ ಜೋತು ಬಿದ್ದು, ಒಳಗಿನ ಕೋಣೆ ಅಗಲವಾಗಿತ್ತು. ಸ್ನಾಯು ಇತ್ತು, ಬೇಕಾದಷ್ಟು ಇತ್ತು, ಅದನ್ನು ಹಿಡಿದುಕೊಳ್ಳುವ ನೂಲು ಹೋಗಿತ್ತು. ದೇಹ ತಾನೇ ಮತ್ತೆ ನೇಯುತ್ತದೆ, ಆದರೆ ಎಷ್ಟು, ಹೇಗೆ, ಯಾವಾಗ ಅಂತ ಹೇಳಲಾರೆ, ಒಂದು ವರ್ಷ ಮಣ್ಣಿಗೆ ಇಳಿಯುವ ಹಾಗಿಲ್ಲ ಅಂದರು ಗಲಗಲಿ. ಆಮೇಲೆ ಇಳಿಯಬಹುದೇ ಅಂತ ಹುಲಿಗಿ ಕೇಳಿದಳು. ಗೊತ್ತಿಲ್ಲವ್ವಾ ಅಂತ ಕೈಮುಗಿದರು. ಹುಲಿಗಿ ಅವರ ಕೈಯನ್ನು ಹಿಡಿದು ಕೆಳಗಿಳಿಸಿದಳು, ಬಯ್ಯಲೂ ಇಲ್ಲ, ಅಳಲೂ ಇಲ್ಲ.

ಸಂಜೆಯವರೆಗೆ ನಾವೆಲ್ಲ ಕೂತು ಗೋಡೆಯ ಮೇಲಿನ ಕೆಂಪು ಹೆಸರುಗಳಿಗೆ ಒಬ್ಬೊಬ್ಬರಿಗೇ ಫೋನು ಮಾಡಿದೆವು. ಕೇಳಬೇಕಾದದ್ದು ಒಂದೇ, ನಿನ್ನೆ ಏನ್ ಉಂಡ್ರಿ? ದಾರಿಯಲ್ಲಿ ಎದುರಾದವರಿಗೆ, ರೈಲಿನಲ್ಲಿ ಪಕ್ಕ ಕೂತವರಿಗೆ, ಫೋನಿನಲ್ಲಿ ಮೊದಲ ಮಾತಿಗೆ ನಾವು ಹುಟ್ಟಿದಾಗಿನಿಂದ ಕೇಳುತ್ತಾ ಬಂದಿರುವ ಪ್ರಶ್ನೆ. ಇಷ್ಟು ದೊಡ್ಡ ಕೇಂದ್ರ ಕಟ್ಟಿ, ಅದೊಂದನ್ನು ಕೇಳದೆ ಜನರ ಗುಂಡಿಗೆಗೆ ಸೂಜಿ ಹಾಕಿದ್ದೆವು. ಮನೆ ಮನೆಯಿಂದಲೂ ಅದೇ ಉತ್ತರ ಬಂತು. ಹುಡುಗನ ಹೃದಯ ವೀಕ್ ಅಂತ ನೀವೇ ಹೇಳಿದಿರಲ್ಲ ಮೇಡಂ, ಅದಕ್ಕೇ ದಿನಾ ಕಾಲಿನ ಸಾರು ಕೊಡುತ್ತಿದ್ದೇವೆ. ಹೊಸಪೇಟೆಯ ಕಡೆಯ ಒಬ್ಬ ತಾಯಿ, ಕಬಡ್ಡಿ ಆಡುವ ಮಗ ಮೊನ್ನೆ ಸೋಮವಾರ ಹೋದ ಅಂದಳು. ಕೊನೆಗೆ ಅನ್ನ ಸೇರುತ್ತಿರಲಿಲ್ಲವಂತೆ, ಸಾರು ಮಾತ್ರ ಕುಡಿಯುತ್ತಿದ್ದನಂತೆ. ನಾನು ಫೋನನ್ನು ಪಕ್ಕದವರಿಗೆ ಕೊಟ್ಟೆ.

ಹುಲಿಗಿಯ ಜೊತೆ ಮನೆಗೆ ಬಂದಾಗ ಅವ್ವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಫೋನಿನಲ್ಲಿ ಎಲ್ಲ ಹೇಳಿದ್ದೆ. ಸಾರಿನ ಪಾತ್ರೆ ತೊಳೆದು ಹಿತ್ತಿಲಲ್ಲಿ ಬೋರಲು ಹಾಕಿತ್ತು, ಒಲೆಯ ಮೇಲೆ ಏನೂ ಇರಲಿಲ್ಲ. ಜೀವಮಾನದಲ್ಲಿ ಏನು ಅಡಿಗೆ ಮಾಡಲಿ ಅಂತ ಯಾರನ್ನೂ ಕೇಳದ ಹೆಂಗಸು ಹೆದರಿಕೊಂಡು ನನ್ನ ಮುಖ ನೋಡಿದಳು.

"ಪಾರೂ, ಇಕಿಗೆ ಏನ್ ಕೊಡ್ಲಿ ಈಗ?"

ನಾನು ಉತ್ತರ ಕೊಡುವ ಮೊದಲೇ ಹುಲಿಗಿ ಹಿತ್ತಿಲಿಗೆ ಹೋಗಿ, ದಮ್ಮು ತೆಗೆದುಕೊಳ್ಳುತ್ತಾ ಪಾತ್ರೆ ಎತ್ತಿ ತಂದು ಅಜ್ಜಿಯ ಮುಂದೆ ಇಟ್ಟಳು. ಅವಳ ತೋಳಿನಲ್ಲಿ ಪಟ್ಟಿ ಇದ್ದ ಜಾಗ ಬೆಳ್ಳಗೆ ಕಾಣುತ್ತಿತ್ತು. ಇನ್ನು ಅಲ್ಲಿಂದ ಯಾವ ಅಂಕಿಯೂ ಬರುವುದಿಲ್ಲ.

"ಕಾಲಿನ ಸಾರು ಮಾಡಬೇ. ಹಸಿವಾಗೈತಿ."

ಅವ್ವ ಎದ್ದಳು. ಬೆಳ್ಳುಳ್ಳಿ ಜಜ್ಜತೊಡಗಿದಳು. ಹುಲಿಗಿ ಬಾಗಿಲ ಹತ್ತಿರ ಕೂತು, ಏರುವ ಇಳಿಯುವ ತನ್ನ ಉಸಿರನ್ನು ಕೇಳಿಸಿಕೊಳ್ಳುತ್ತಿದ್ದಳು. ನಾನು ಪಕ್ಕದಲ್ಲಿ ಕೂತು, ಅಭ್ಯಾಸಬಲದಿಂದ ಫೋನಿಗೆ ಕೈ ಹಾಕಿ, ಮತ್ತೆ ಕೆಳಗಿಟ್ಟೆ. ಹೇಗಿದೀ ಅಂತ ಅವಳನ್ನೇ ಕೇಳಿದೆ.

"ಭಾಳ ಹೆದರಿಕಿ ಆಗೈತಿ ಚಿಗವ್ವ," ಅಂದಳು. ಈ ಸಲ ಬೆನ್ನು ಸವರಿದಾಗ ಕೈ ಸರಿಸಲಿಲ್ಲ.